ಬಳೆಗಾರ ಪುಟ್ಟಯ್ಯನವರ ಹಡಗು

ಪುಟ್ಟಯ್ಯನವರು ಕೆಂಪಾಂಬುಧಿ ಕೆರೆಗಿಂತ ಹೆಚ್ಚು ನೀರು ಕಂಡವರಲ್ಲ. ಅಂಥವರು ಚಾಮರಾಜಪೇಟೆಯ ನಮ್ಮ ವಠಾರದ ಜಗುಲಿಯಲ್ಲಿ ಕೂತು ಸಮುದ್ರದ ಹಾಯಿಹಡಗು ಕಟ್ಟತೊಡಗಿದರೆ ನಗದವರಾರು? ನಾನಂತೂ ನಕ್ಕೆ. ಕಟ್ಟಲು ಬಳಸಿದ ಆಟದ ಇಟ್ಟಿಗೆಗಳು ನಮ್ಮ ಮನೆಯವೇ, ಮಕ್ಕಳು ಆಡಿ ಬಿಟ್ಟ ಚನ್ನಪಟ್ಟಣದ ಬಣ್ಣದ ಮರದ ತುಂಡುಗಳು. ಹಡಗಿನ ನಮೂನೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲಿತ್ತು.

ಬಳೇಪೇಟೆಯಲ್ಲಿ ಅವರಷ್ಟು ಹಗುರವಾದ ಕೈ ಇನ್ನೊಬ್ಬರಿಗಿರಲಿಲ್ಲ. ಎಷ್ಟೇ ದಪ್ಪ ಕೈಯಾಗಲಿ, ಹೆಬ್ಬೆರಳ ಬುಡವನ್ನು ಮೆಲ್ಲನೆ ಒತ್ತಿ, ಊರ ಸುದ್ದಿ ಹೇಳುತ್ತ ಹೇಳುತ್ತಲೇ ಗಾಜಿನ ಬಳೆ ಏರಿಸಿಬಿಡುತ್ತಿದ್ದರು. ಸ್ವಾತಂತ್ರ್ಯ ಬಂದ ಎರಡು ಮೂರು ವರ್ಷಕ್ಕೆ ಬಲಗೈಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಜೊತೆಗೆ ಕೈಯಲ್ಲಿ ನಡುಕವೂ ಉಳಿಯಿತು. ಆಮೇಲೆ ಒಂದು ಮದುವೆಮನೆಯಲ್ಲಿ ಮದುಮಗಳ ಕೈಯಲ್ಲೇ ಹಸಿರು ಬಳೆ ಹೆಚ್ಚಿತು. ಬಳೆ ಒಡೆಯಿತು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆಯೇ ಪೇಟೆಗೆಲ್ಲ ಗೊತ್ತಾಯಿತು. ಅವರನ್ನು ಕರೆಯುವವರೇ ಇಲ್ಲವಾದರು.

ಆ ಹೊತ್ತಿಗೆ ಮಗಳು ಕಾವೇರಿ ಬಸುರಿಯಾದಳು. ಏಳನೇ ತಿಂಗಳಲ್ಲಿ ಸೀಮಂತ. ತವರಿನಲ್ಲಿ ಹಸಿರು ಬಳೆ ತೊಡಿಸಬೇಕು. ಕಂಡವರ ಮಕ್ಕಳಿಗೆಲ್ಲ ತೊಡಿಸಿದ ಕೈ ಸ್ವಂತ ಮಗಳಿಗೆ ತೊಡಿಸದಿದ್ದರೆ ಹೇಗೆ ಎಂಬುದೊಂದೇ ಅವರ ಚಿಂತೆ. ಹೆಂಡತಿ ಸುಬ್ಬಮ್ಮ ಒಪ್ಪಲಿಲ್ಲ. ಕೈಗೆ ಏನಾದರೂ ನಾಜೂಕಿನ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. ಹಡಗು ಶುರುವಾದದ್ದು ಹಾಗೆ. ಅದು ಬೀಳದೆ ನಿಂತರೆ ಬಳೆ ತಾನೇ ತೊಡಿಸುವುದು ಎಂದು ಅವರು ಹಠ ಹಿಡಿದರು. ಹೇಗಿದ್ದರೂ ನಿಲ್ಲುವುದಿಲ್ಲವಲ್ಲ ಎಂದು ಸುಬ್ಬಮ್ಮ ಹೂಂ ಅಂದರು.

ತಳ ಕಟ್ಟುವುದು ಸುಲಭ. ಮೂತಿ ಚೂಪಾಗಬೇಕು, ಎರಡೂ ಬದಿಯ ಇಟ್ಟಿಗೆಗಳು ಒಂದಿಷ್ಟಿಷ್ಟೇ ಮುಂದೆ ಬಂದು ಕೂಡಬೇಕು. ಕಂಬಕ್ಕೆ ಕಿರುಬೆರಳ ತುದಿಯಷ್ಟಿದ್ದ ತುಂಡುಗಳನ್ನು ಒಂದರ ಮೇಲೊಂದು ನಿಲ್ಲಿಸಬೇಕು. ಕೈ ಅದುರಿದರೆ ಕಂಬ, ಕಂಬದ ಜೊತೆ ಹಾಯಿ, ಎಲ್ಲ ಜಗುಲಿ ತುಂಬ ಚೆಲ್ಲಾಪಿಲ್ಲಿ. ಬೇಸಿಗೆಯಿಡೀ ಆ ಸದ್ದು ಕೇಳಿ ಕೇಳಿ ನನಗೆ ರೋಸಿಹೋಯಿತು. ಅಂಟು ಹಾಕಬಾರದೇ ಎಂದೆ. ಅಂಟು ಹಾಕಿದರೆ ನಿಲ್ಲುವುದು ಅಂಟು, ತನ್ನ ಕೈಯಲ್ಲ ಎಂದರು. ಅಂದಿನಿಂದ ನಾನು ನಗಲಿಲ್ಲ.

ಮಳೆಗಾಲದ ಹೊತ್ತಿಗೆ ಹಡಗು ನಿಂತಿತು. ಮೂರು ಕಂಬ, ತೆಳು ಹಲಗೆಯ ಹಾಯಿಗಳು, ಕಂಬದಿಂದ ಕಂಬಕ್ಕೆ ಬಳೆ ಕಟ್ಟುವ ದಾರ, ಕಿಟಕಿಗಳಿಗೆ ಬಳೆಚೂರು. ಪಕ್ಕದ ವಠಾರದವರೂ ಬಂದು ನೋಡಿದರು. ಪುಟ್ಟಯ್ಯನವರು ಬಲಗೈಯನ್ನು ಸುಬ್ಬಮ್ಮನ ಮುಂದೆ ಚಾಚಿದರು. ಅದು ನಡುಗುತ್ತಿರಲಿಲ್ಲ.

ಸೀಮಂತದ ದಿನ ನಡುಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದೆವು. ಯಾವುದಕ್ಕೂ ಇರಲಿ ಎಂದು ಸುಬ್ಬಮ್ಮ ರಾಮಸ್ವಾಮಿ ಎಂಬ ಇನ್ನೊಬ್ಬ ಬಳೆಗಾರನನ್ನು ಕರೆಸಿ ಹೊರಗೆ ಕೂರಿಸಿದ್ದರು. ಪುಟ್ಟಯ್ಯನವರು ಮಣೆಯ ಮುಂದೆ ಕೂತು, ಮಗಳ ಎಡಗೈ ಹಿಡಿದು, ಹಸಿರು ಬಳೆಯನ್ನು ಬೆರಳುಗಳ ಮೇಲೆ ಜಾರಿಸಿದರು. ಗಿಣ್ಣಿನ ಹತ್ತಿರ ಅದು ನಿಂತಿತು. ಅವರ ಕೈ ಚೂರೂ ಅಲುಗಿರಲಿಲ್ಲ. ನಡುಗುತ್ತಿದ್ದುದು ಕಾವೇರಿಯ ಕೈ.

ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. "ತೊಡ್ಸಪ್ಪ, ಏನೂ ಆಗಲ್ಲ," ಅಂದಳು.

ಬಿಗಿಹಿಡಿದ ಕೈಗೆ ಬಳೆ ಏರಿಸುವುದು ಆ ಬ್ರಹ್ಮನಿಂದಲೂ ಆಗದು. ಅವಳ ಹೆದರಿಕೆ ಮರೆಸಲು ಅವರು ಎಂದಿನಂತೆ ಏನೋ ಸುದ್ದಿ ತೆಗೆದರು. ಅದು ಅರ್ಧಕ್ಕೇ ನಿಂತಿತು. "ಸಡಿಲ ಬಿಡವ್ವ," ಅಂದರು. ಪಾಪ, ಬಿಡಲು ಹೋದಷ್ಟೂ ಅವಳ ಕೈ ಸೆಟೆದುಕೊಂಡಿತು. ಮಾಡುವುದೇನು? ಭಯವನ್ನು ಹೋಗು ಎಂದರೆ ಹೋಗುತ್ತದೆಯೇ?

ಪುಟ್ಟಯ್ಯನವರು ಬಳೆಯನ್ನು ಹಿಂದಕ್ಕೆ ತೆಗೆದರು. "ರಾಮಸ್ವಾಮಿ, ಒಳಗ್ ಬಾಪ್ಪ," ಎಂದು ಕರೆದು ಪಕ್ಕಕ್ಕೆ ಸರಿದು ಕೂತರು.

ಅವನು ಹಿಡಿದೊಡನೆ ಕಾವೇರಿಯ ಕೈ ಮೆತ್ತಗಾಯಿತು. ಬಳೆ ಸಲೀಸಾಗಿ ಏರಿತು. ಅದನ್ನು ನಾವೆಲ್ಲ ನೋಡಿದೆವು, ಅವರೂ ನೋಡಿದರು.