ಲಿಂಡಾ ಯಾರ ಮನೆಯವಳು?

ಎದುರಿಗೆ ಯಾರೇ ಸಿಗಲಿ, ನೋಲೀನ್ ಬಾಯಿಂದ ಬರುವ ಮೊದಲ ಮಾತು ಒಂದೇ: "ನೀನ್ ಯಾರ ಮನೆಯವ್ನು ಮಗಾ?" ಬ್ಯಾಂಕಿನ ಗುಮಾಸ್ತ, ಹಲ್ಲು ಕೀಳುವ ಡಾಕ್ಟರು, ಜೋರಾಗಿ ಬಂದಳೆಂದು ಕಾರು ತಡೆದ ಪೊಲೀಸು, ಯಾರಿಗೂ ವಿನಾಯಿತಿ ಇಲ್ಲ. ಆ ಪೊಲೀಸಿನವನ ಅಜ್ಜಿ ಇವಳ ಅಮ್ಮನ ಜೊತೆ ಶಾಲೆಗೆ ಹೋಗಿದ್ದವಳೆಂದು ತಿಳಿದು, ದಂಡ ಹಾಕಲು ಬಂದವನು ಚಹಾ ಕುಡಿದು ಹೋದ. ಬ್ರೆವಾರಿನ ಎಂಬ ಊರಿನ ಮೂಲನಿವಾಸಿಗಳಾದ ನೆಂಬಾ ಜನ ಮಾತಿಗೆ ತೊಡಗುವುದೇ ಹಾಗೆ. ಮೊದಲು ಸಂಬಂಧ ಹುಡುಕಬೇಕು, ಮಿಕ್ಕಿದ್ದೆಲ್ಲ ಆಮೇಲೆ.

ಊರಿನ ಆಸ್ಪತ್ರೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳು ಅರ್ಧ ಆಯುಷ್ಯ ಕಳೆದಿದ್ದಳು. ಒಳಗೆ ವೈದ್ಯರ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತವರು ಹೊರಬಂದ ಮೇಲೆ ಅವಳ ಕಿಟಕಿಯ ಹತ್ತಿರ ಸುಳಿದಾಡುತ್ತಿದ್ದರು. ನೋಲೀನ್ ಏನೂ ಕೇಳುತ್ತಿರಲಿಲ್ಲ. "ಆ ತುದಿ ಹಿಡ್ಕೋ" ಎಂದು ಹಾಸಿಗೆ ಬಟ್ಟೆಯ ಒಂದು ಕಡೆ ಅವರ ಕೈಗೆ ಕೊಡುತ್ತಿದ್ದಳು. ಮಡಚುತ್ತ ಮಡಚುತ್ತ ಜನ ತಾವಾಗಿಯೇ ಬಾಯಿ ಬಿಡುತ್ತಿದ್ದರು. ಕೊನೆಗೊಂದು ದಿನ ದೊಡ್ಡ ನರ್ಸಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. "ನೋಲೀನ್, ಹೀಗೆ ಜನರ ಮನಸ್ಸಿನ ನೋವು ಕೇಳೋ ಕೆಲ್ಸಕ್ಕೇ ಯೂನಿವರ್ಸಿಟಿಲಿ ಪದವಿ ಕೊಡ್ತಾರೆ. ನಮ್ಮೋರಿಗೇ ಅಂತ ಮಾಡಿರೋದು. ಹೋಗಿ ತಗೊಂಡ್ ಬಾ, ಇಲ್ಲಿ ಆ ಜಾಗ ಖಾಲಿ ಬಿದ್ದಿದೆ."

ಹಾಗೆ, ಮೊಮ್ಮಕ್ಕಳಿರುವ ವಯಸ್ಸಿನಲ್ಲಿ ನೋಲೀನ್ ಬಸ್ಸು ಹತ್ತಿದಳು. ವರ್ಷಕ್ಕೆ ಕೆಲವು ಸಲ ಎರಡೆರಡು ವಾರ ದಕ್ಷಿಣದ ಆ ಯೂನಿವರ್ಸಿಟಿಯಲ್ಲಿ ಪಾಠ, ಉಳಿದಂತೆ ಊರಿನಲ್ಲೇ ಅಭ್ಯಾಸ. ಮೂಲೆಮೂಲೆಯಿಂದ ಬಂದ ಮೂಲನಿವಾಸಿಗಳೇ ತುಂಬಿದ ಹಾಸ್ಟೆಲಿನಲ್ಲಿ ಪಾಠಕ್ಕಿಂತ ನಗುವೇ ಜಾಸ್ತಿ. ಪಕ್ಕದ ಮಂಚದ ವರ್ನಾ ಅಂತೂ ಗೊರಕೆಯಲ್ಲೂ ನಗುತ್ತಿದ್ದಳು. ಬರೆಯುವ ಪರೀಕ್ಷೆಗಳನ್ನೆಲ್ಲ ನೋಲೀನ್ ಹೇಗೋ ದಾಟಿದಳು. ಮುಗ್ಗರಿಸಿದ್ದು ಕಟ್ಟಕಡೆಯದರಲ್ಲಿ.

ಅದು ಮಾತಿನ ಪರೀಕ್ಷೆ. ನಟನೊಬ್ಬ ರೋಗಿಯ ವೇಷದಲ್ಲಿ ಬಂದು ಕೂರುತ್ತಾನೆ, ಅವನ ಸಂಕಟ ತಿಳಿದುಕೊಳ್ಳಬೇಕು. ಮೊದಲ ಸಲ ನೋಲೀನ್ ಅವನಿಗೆ ಚಹಾ ಕೊಟ್ಟಳು, ಅವನ ನಾಯಿಯ ಹೆಸರನ್ನೂ ತಿಳಿದುಕೊಂಡಳು, ನಗಿಸಿ ಕಳಿಸಿದಳು. ಪರೀಕ್ಷಕಿ ಡಾಕ್ಟರ್ ಫೆನೆಲ್ಲಾ ಪಾಸ್ಕ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನೋಲೀನ್, ಸಾಯ್ಬೇಕು ಅನ್ಸುತ್ತಾ ಅಂತ ನೀವು ಕೇಳ್ಲೇ ಇಲ್ಲ."

"ಗುರುತು ಪರಿಚಯ ಇಲ್ದೋರನ್ನ ಹಂಗ್ ಕೇಳೋದಾ ಡಾಕ್ಟ್ರೇ? ನಾಚ್ಕೆಗೇಡು!"

"ಅದೊಂದು ಪ್ರಶ್ನೆ ಬಿಟ್ಟಿದ್ದಕ್ಕೆ ಜನ ಕಳ್ಕೊಂಡಿದೀವಿ. ಇನ್ನೊಂದೇ ಅವಕಾಶ ಇರೋದು. ಕೇಳ್ದಿದ್ರೆ ನಾನು ಪಾಸ್ ಮಾಡಕ್ಕಾಗಲ್ಲ."

ಬೈದುಕೊಳ್ಳೋಣವೆಂದರೆ ಆಕೆ ಹೇಳಿದ್ದು ನಿಜವಾಗಿತ್ತು. ನೋಲೀನಳ ತಮ್ಮನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಸತ್ತುಹೋದವರ ಹೆಸರನ್ನು ಅವರ ಜನ ಎತ್ತುವುದಿಲ್ಲ. ಹಾಗಾಗಿ ಅವಳಿಗೆ ಅವನು ಬರೀ 'ನಮ್ಮ ಚಿಕ್ಕೋನು'.

ಎರಡನೆಯ ಪರೀಕ್ಷೆಯ ದಿನ ಬಂತು. ವರ್ನಾ ಬಾಗಿಲ ತನಕ ಬಂದು ಬೆನ್ನಿಗೊಂದು ಗುದ್ದು ಕೊಟ್ಟಳು. "ಹೋಗೇ, ಯಾರ ಮನೆಯವ್ನು ಅಂತ ಮಾತ್ರ ಶುರು ಹಚ್ಕೋಬೇಡ."

ಒಳಗೆ ತಲೆ ತಗ್ಗಿಸಿ ಕೂತಿದ್ದವನು ತೆಳ್ಳಗಿನ ಕರಿಯ ಹುಡುಗ, ನಾಟಕ ಕಲಿಯುವವನು. "ನನ್ನ ಹೆಸ್ರು ಮಾರ್ಕ್" ಎಂದು ನರಳಿದ. ನೋಲೀನ್ ತುಟಿ ಕಚ್ಚಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಆದರೂ ಅದು ಹಾರಿಯೇ ಬಿಟ್ಟಿತು.

"ಯಾರ ಮನೆಯವ್ನು ಮಗಾ?"

ಪಾಪ, ಹುಡುಗನಿಗೆ ಬರೆದುಕೊಟ್ಟ ವೇಷದ ಪಾಠದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಹಿರಿಯ ಹೆಂಗಸು ಮನೆತನ ಕೇಳಿದಾಗ ಸುಳ್ಳು ಹೇಳುವಷ್ಟು ಧೈರ್ಯ ಅವನ ಅಪ್ಪನಿಗೂ ಇರಲಾರದು. "ಗುಡೂಗ ಊರಿನೋರು ಆಂಟಿ. ಎಲ್ಸಿ ಅಂತ ನಮ್ಮಜ್ಜಿ."

"ಕೆಂಪು ಗೇಟಿನ ಎಲ್ಸಿನಾ? ಅಯ್ಯೋ, ಅವ್ಳು ನಮ್ ದೊಡ್ಡಮ್ಮನ ಮಗಳು ಕಣೋ! ನಾನು ನಿಂಗೆ ಚಿಕ್ಕಜ್ಜಿ ಆಗ್ಬೇಕು! ಎಷ್ಟ್ ಬಡಕಲಾಗಿದೀಯ, ಇಲ್ಲಿ ಊಟ ಹಾಕ್ತಾರೋ ಇಲ್ವೋ?"

ರೋಗಿ ಎದ್ದು ಬಂದು ಅಜ್ಜಿಯನ್ನು ತಬ್ಬಿಕೊಂಡ. ಡಾಕ್ಟರ್ ಪಾಸ್ಕ್ ಗಂಟೆ ಬಾರಿಸಿದಳು. "ಸಂಬಂಧಿಕರ ಜೊತೆ ಪರೀಕ್ಷೆ ಮಾಡೋ ಹಾಗಿಲ್ಲ. ನಿಯಮ."

ಬದಲಿಗೆ ಯಾರು? ಹಿಂದೊಮ್ಮೆ ಇದೇ ವೇಷ ಹಾಕಿದ್ದಳೆಂದು ಕ್ಯಾಂಟೀನಿನ ರೋಂಡಾಳನ್ನು ಕರೆತಂದರು. ಅವಳು ಏಪ್ರನ್ ಬಿಚ್ಚಿ ಕೂತು ಚೆನ್ನಾಗಿಯೇ ಅಳತೊಡಗಿದಳು. ನೋಲೀನ್ ಈ ಸಲ ಬಾಯಿ ಬಿಗಿ ಹಿಡಿದಿದ್ದಳು. ಕೇಳಿದವಳು ರೋಂಡಾ. "ನೀನ್ ಯಾರ ಮನೆಯವ್ಳಕ್ಕಾ? ಎಲ್ಲೋ ನೋಡ್ದಂಗಿದೆ." ಎರಡು ಮಾತಿನಲ್ಲಿ ಬಯಲಾಯಿತು: ಅವಳು ನೋಲೀನ್ ಬಿಟ್ಟುಬಂದ ಮೊದಲ ಗಂಡನ ತಂಗಿ! ಅಳು ಅಲ್ಲೇ ನಿಂತಿತು.

"ನಮ್ಮಮ್ಮನ ಕಬ್ಬಿಣದ ಬಾಣಲೆ ಹೊತ್ಕೊಂಡ್ ಹೋದೋಳು ನೀನೇ ಅಲ್ವೇನೇ?"

"ನಿಮ್ಮಣ್ಣನ್ನ ವಾಪಸ್ ಕೊಟ್ನಲ್ಲ, ಬಾಣಲೆ ನಾನಿಟ್ಕೊಂಡೆ. ಲೆಕ್ಕ ಸರಿಹೋಯ್ತು!"

ಬಾಗಿಲಿಗೆ ಕಿವಿಗೊಟ್ಟಿದ್ದ ವರ್ನಾ ನಗು ತಡೆಯಲಾರದೆ ಕಾರಿಡಾರಿನಲ್ಲೇ ಕುಸಿದು ಕೂತಳು. ರೋಂಡಾಳೂ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಸಂಜೆ ಊಟಕ್ಕೆ ಬಾ ಎಂದು ಕರೆದು ಹೋದಳು. ಗಂಟೆ ಮತ್ತೆ ಮೊಳಗಿತು.

ಇನ್ನು ಕರೆಯಲು ಯಾರೂ ಉಳಿದಿರಲಿಲ್ಲ. ಡಾಕ್ಟರ್ ಪಾಸ್ಕ್ ನಿಟ್ಟುಸಿರು ಬಿಟ್ಟು ತಾನೇ ರೋಗಿಯ ಕುರ್ಚಿಯಲ್ಲಿ ಕೂತಳು. ಕಡಲಾಚೆ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವಳು, ಬಂಧುಬಳಗ ಯಾವುದೂ ಈ ಖಂಡದಲ್ಲಿಲ್ಲ. ಸಂಬಂಧದ ತಂಟೆಯೇ ಬಾರದು ಎಂದು ಅವಳ ಲೆಕ್ಕ.

"ನನ್ನ ಹೆಸ್ರು ಲಿಂಡಾ. ಡಬ್ಬೊದವ್ಳು."

"ಡಬ್ಬೊದಲ್ಲಿ ಯಾವ ಲಿಂಡಾ?"

"ಸುಮ್ನೆ... ಲಿಂಡಾ."

"ಸುಮ್ನೆ ಲಿಂಡಾ ಅಂತ ಯಾರೂ ಇರಲ್ಲ ಮಗಾ. ಡಬ್ಬೊದೋರೆಲ್ಲ ನಂಗ್ ಗೊತ್ತು. ನಿಮ್ಮನೆಯೋರು ಯಾರು?"

"ಯಾರೂ ಇಲ್ಲ" ಎಂದಳು ಡಾಕ್ಟರು. ಪಾಠದಲ್ಲಿ ಹಾಗೇ ಇತ್ತೋ ಏನೋ, ಆ ಮಾತಿಗೆ ನೋಲೀನಳ ಕರುಳು ಚುರ್ ಎಂದಿತು.

ಅವಳು ಎದ್ದು ಮೇಜಿನ ಮೇಲಿದ್ದ ನೀರಿನ ಜಗ್ಗು, ಗಂಟೆ ಎಲ್ಲವನ್ನೂ ಕೆಳಗಿಟ್ಟು ಮೇಜಿನ ಬಟ್ಟೆ ಎಳೆದಳು. "ಆ ತುದಿ ಹಿಡ್ಕೋ ಲಿಂಡಾ." ಡಾಕ್ಟರು ಕಕ್ಕಾಬಿಕ್ಕಿಯಾಗಿ ಎದ್ದು ಹಿಡಿದಳು. ಇಬ್ಬರೂ ಕೊಡವಿದರು, ಅರ್ಧ ಮಡಚಿದರು, ಹತ್ತಿರ ಬಂದರು.

"ಯಾರೂ ಇಲ್ಲ ಅಂದ್ಯಲ್ಲ, ಇವತ್ತಿಂದ ನೀನು ನಮ್ಮನೆಯವ್ಳು. ನಾನು ನಿಂಗೆ ಆಂಟಿ. ಆಯ್ತಾ?"

"ಆ... ಆಯ್ತು ಆಂಟಿ."

ಬಟ್ಟೆಯ ತುದಿಗಳು ಸೇರಿದವು, ಬೆರಳಿಗೆ ಬೆರಳು ತಾಕಿತು. ನೋಲೀನಳ ಕಣ್ಣಮುಂದೆ ಅವಳ ಆ ಚಿಕ್ಕೋನು ಬಂದು ನಿಂತ. ಅವನು ನಮ್ಮವನೇ ಆಗಿದ್ದನಲ್ಲ, ಆದರೂ ನಾನು ಕೇಳಲಿಲ್ಲವಲ್ಲ! ನಾಚಿಕೆ ಅಲ್ಲ ಅದು, ಹೆದರಿಕೆ. ಅವಳು ತುದಿ ಬಿಡಲಿಲ್ಲ.

"ನಮ್ಮವ್ಳು ಅಂತ ಕೇಳ್ತಿದೀನಿ ಮಗಾ, ನೇರವಾಗಿ ಹೇಳು. ಸತ್ತೋಗ್ಬೇಕು ಅನ್ಸುತ್ತಾ ನಿಂಗೆ?"

ಲಿಂಡಾ ಪಾಠದಲ್ಲಿದ್ದಂತೆ "ಒಂದೊಂದ್ಸಲ" ಎಂದಳು. ನೋಲೀನ್ ಗಾಬರಿಯಾಗದೆ ಕೂರಿಸಿ, ಹೇಗೆ, ಯಾವಾಗ, ಇವತ್ತು ರಾತ್ರಿ ಜೊತೆಗೆ ಯಾರಿರ್ತಾರೆ ಎಂದು ಒಂದೊಂದಾಗಿ ಎಲ್ಲ ಕೇಳಿದಳು. ಗಂಟೆ ಬಾರಿಸಬೇಕಾದವಳು ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

ಆಮೇಲೆ ಕನ್ನಡಕ ಹಾಕಿಕೊಂಡಳು. ಮುಖ ಗಂಭೀರವಾಯಿತು. "ಒಂದು ತೊಂದ್ರೆ ಇದೆ. ಈಗ ನಾನೂ ನಿಮ್ಮ ಸಂಬಂಧಿ."

ನೋಲೀನ್ ತಲೆಯ ಮೇಲೆ ಕೈಹೊತ್ತಳು. "ಸತ್ತೆ ನಾನು!" ಹೊರಗಿನಿಂದ ವರ್ನಾ ಕೂಗಿದಳು: "ಅಯ್ಯೋ ಮಂಕೇ, ಇಡೀ ಯೂನಿವರ್ಸಿಟಿನೇ ದತ್ತು ತಗೊಂಡ್ಯಲ್ಲೇ!"

ಡಾಕ್ಟರ್ ಪಾಸ್ಕ್ ತುಟಿ ಬಿಗಿಹಿಡಿದಳು, ಹೆಗಲು ಕುಣಿಯಿತು, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲಿಂಡಾ ನಿಮ್ಮನೆಯವ್ಳು ನೋಲೀನ್. ಫೆನೆಲ್ಲಾ ಅಲ್ಲ. ಪಾಸ್ ಮಾಡ್ತಿರೋಳು ಫೆನೆಲ್ಲಾ."

ಪದವಿ ಪ್ರದಾನಕ್ಕೆ ಬ್ರೆವಾರಿನದಿಂದ ಒಂದು ಬಸ್ಸು ತುಂಬ ಜನ ಬಂದರು. ಟೈರೋನ್, ಅದೇ 'ಮಾರ್ಕ್' ವೇಷದ ಹುಡುಗ, ಸಿಳ್ಳೆ ಹೊಡೆದ. ರೋಂಡಾ ಬಾಣಲೆ ಕೇಳಿದಳು, ನೋಲೀನ್ ತಂದಿದ್ದಳು.

ಈಗ ನೋಲೀನಳಿಗೆ ಆಸ್ಪತ್ರೆಯಲ್ಲಿ ಫಲಕವಿರುವ ಕೋಣೆ ಇದೆ, ಮೂಲೆಯಲ್ಲಿ ಮಡಚಲು ಒಂದು ಬುಟ್ಟಿ ಬಟ್ಟೆಯೂ ಇದೆ. ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಅವಳು ನದಿ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದಾಗ ಫೋನು ಬಂತು.

"ಯಾರು ಮಗಾ?"

"ಲಿಂಡಾ." ಪರೀಕ್ಷೆಯ ಕೋಣೆಯಲ್ಲಿ ಕೇಳಿದ್ದ ದನಿಯೇ, ಆದರೆ ಒಡೆದಿತ್ತು. "ಡಬ್ಬೊದ ಲಿಂಡಾ. ಎದ್ದೇಳಕ್ಕೇ ಆಗ್ತಿಲ್ಲ."

ನೋಲೀನ್ ಗಾಳ ದಡಕ್ಕೆಳೆದಿಟ್ಟಳು. ಕೇಳಬೇಕಾದ ಪ್ರಶ್ನೆ ಅವಳಿಗೆ ಗೊತ್ತಿತ್ತು, ಅದನ್ನು ಕೇಳದೆ ಬಿಡುವವಳೂ ಅಲ್ಲ. ಆದರೆ ಮೊದಲಿನದನ್ನು ಮೊದಲು ಕೇಳಬೇಕಲ್ಲ.

"ಯಾರ ಮನೆಯವ್ಳು ನೀನು?"

ಆ ಕಡೆ ಅಳುವಿನ ನಡುವೆಯೇ ಸಣ್ಣದೊಂದು ನಗು ಕೇಳಿಸಿತು.

"ನಿಮ್ಮನೆಯವ್ಳೇ, ಆಂಟಿ."