ಹೊಲಿಗೆ ಮೆಷಿನ್ನುಗಳಿಗೆ ಸಿಕ್ಕ ಕೋಣೆ

ಗೋಪಾಳದ ನಮ್ಮ ಮನೆಯ ಕೆಳಗೆ ಈಚೆಗೆ ಒಂದು ಟೈಲರ್ ಅಂಗಡಿ ಬಂದಿದೆ. ಮೆಷಿನ್ ಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ನಿಮಗಾದರೆ ಹೊಸ ಬಟ್ಟೆ ನೆನಪಾದೀತು. ನನಗೆ ಭದ್ರಾವತಿಯ ಒಂದು ಕೋಣೆ, ಕಿಟಕಿಗೆ ಕಟ್ಟಿದ್ದ ಒಂದು ಮಗು ನೆನಪಾಗುತ್ತವೆ.

ಆಗ ನಾನು ವಿದೇಶದ ದಾನಿ ಸಂಸ್ಥೆಯೊಂದಕ್ಕೆ ದುಭಾಷಿ. ಬಂದವರ ಇಂಗ್ಲಿಷನ್ನು ಕನ್ನಡ ಮಾಡುವುದು, ಅವರಿಗೆ ಖಾರವಿಲ್ಲದ ಊಟ ಹುಡುಕುವುದು, ಎರಡೂ ನನ್ನ ಕೆಲಸ. ಎರಡನೆಯದರಲ್ಲೇ ನನಗೆ ಹೆಚ್ಚು ಹೆಸರಿತ್ತು. ಭದ್ರಾವತಿಯ ಹಳೇನಗರದಲ್ಲಿ ನಾವು ಹೋಗುತ್ತಿದ್ದ ಒಂದು ಬೀದಿಯ ಹೆಂಗಸರು ಮನೆಗೆಲಸಕ್ಕೆ ಹೋಗುವವರು. ಬೀದಿಯವರದೇ ಆದ ಒಂದು ಕೋಣೆಯಲ್ಲಿ ಪಾಪಮ್ಮಜ್ಜಿ ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಮಾಡಿಕೊಂಡ ಏರ್ಪಾಡು.

ಸಂಸ್ಥೆಯವರು ಹೊಲಿಗೆ ಮೆಷಿನ್ ಕೊಡುತ್ತೇವೆ ಎಂದರು. ಬಾಗಿಲಿಗೆ ಬಂದವರು ಕೊಟ್ಟದ್ದನ್ನು ಬೇಡ ಅನ್ನುವ ಪದ್ಧತಿ ನಮ್ಮಲ್ಲಿ ಎಲ್ಲಿದೆ, ಹೇಳಿ? ಹೆಂಗಸರು ಆರತಿ ಎತ್ತಿ ಇಳಿಸಿಕೊಂಡರು. ಇಡಲು ಇದ್ದದ್ದು ಅದೊಂದೇ ಕೋಣೆ. ಮಕ್ಕಳು ಸೂಜಿಗೆ ಕೈ ಹಾಕಿಯಾರು, ಕೊಟ್ಟವರು ಮತ್ತೆ ಬಂದಾಗ ಮೆಷಿನ್ ಕೆಟ್ಟಿರಬಾರದು ಎಂದು ಬೀಗ ಬಿತ್ತು. ಆಯುಧಪೂಜೆಯ ದಿನ ಬಾಗಿಲು ತೆರೆದು ಕುಂಕುಮ ಇಡುವರು, ಮತ್ತೆ ಬೀಗ. ಅಜ್ಜಿಯ ಮನೆಯಲ್ಲಿ ಅವಳೊಬ್ಬಳು ಮಲಗುವಷ್ಟೇ ಜಾಗವಿತ್ತು, ಮಕ್ಕಳನ್ನು ಅಲ್ಲಿ ಕೂಡಿಸುವಂತಿರಲಿಲ್ಲ.

ಆಮೇಲೆ ಸಂಸ್ಥೆಯಿಂದ ಹೊಸ ಅಧಿಕಾರಿಯೊಬ್ಬಳು ಬಂದಳು. ಏನನ್ನೂ ಕೇಳದೆ ಆ ಬೀದಿಯ ಸೆಲ್ವಿ ಎಂಬವಳ ಮನೆಯ ಹೊಸ್ತಿಲಲ್ಲಿ ಕೂತಳು. ಸೆಲ್ವಿ ಕೆಲಸಕ್ಕೆ ಹೊರಟಿದ್ದಳು. ಒಳಗೆ ಅಳು ಕೇಳಿ ಇಣುಕಿದರೆ, ಮಗುವಿನ ಸೊಂಟಕ್ಕೆ ಹಳೇ ಸೀರೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿತ್ತು.

"ಒಲೆ ಹತ್ರ ಹೋಗ್ಬಾರ್ದಲ್ಲ ಮೇಡಂ, ಅದಕ್ಕೇ ಕಟ್ತೀನಿ" ಎಂದಳು ಸೆಲ್ವಿ.

ಅದನ್ನು ಇದ್ದ ಹಾಗೇ ಇಂಗ್ಲಿಷಿಗೆ ತಿರುಗಿಸಿದೆ. ನಿಮಗೇನು ಬೇಕು ಎಂದು ಆಕೆ ಮೆಲ್ಲಗೆ ಕೇಳಿದಾಗ ಸೆಲ್ವಿ ಅಂದಳು: "ಹೊಸದೇನೂ ಬೇಡ. ನಮ್ ರೂಮು ನಮಗೆ ಬಿಟ್ಕೊಡಿ. ಅಜ್ಜಿಗೆ ಒಂದು ಸಂಬಳ ಅಂತ ಮಾಡಿ. ಮಿಕ್ಕಿದ್ದು ನಾವು ನೋಡ್ಕೋತೀವಿ."

ಸಂಬಳ ಕೊಡುವುದು ಸಂಸ್ಥೆಯ ರೂಢಿಯಲ್ಲಿರಲಿಲ್ಲ. ಅದರ ಫೋಟೋ ತೆಗೆಯುವುದು ಹೇಗೆ? ಆಕೆ ತನ್ನ ಕಚೇರಿಯ ಜೊತೆ ತಿಂಗಳುಗಟ್ಟಲೆ ಗುದ್ದಾಡಿ ಒಪ್ಪಿಸಿದಳು. ಖರ್ಚಿನ ತೀರ್ಮಾನ ಹೆಂಗಸರದೇ ಎಂದಳು. ನೆರವು ಯಾವಾಗ ನಿಲ್ಲುತ್ತದೆ ಎಂಬುದನ್ನೂ ಮೊದಲೇ ತಿಳಿಸಿದಳು, ಸಂಸ್ಥೆಯ ಹೆಸರಿನ ಬೋರ್ಡು ಹಾಕಿಸಲಿಲ್ಲ. ಮೆಷಿನ್ನುಗಳು ಹೊಲಿಯಬಲ್ಲವರ ಮನೆ ಸೇರಿದವು.

ಮೊನ್ನೆ ಮನಸ್ಸು ತಡೆಯದೆ ಒಂದು ಚೀಲ ಆಟಿಕೆ ಹಿಡಿದು ಭದ್ರಾವತಿಯ ಬಸ್ಸು ಹತ್ತಿದೆ. ಸಂಸ್ಥೆ ಹೋಗಿ ವರ್ಷಗಳಾಗಿವೆ, ಪಾಪಮ್ಮಜ್ಜಿಯೂ ಈಗಿಲ್ಲ. ಕೋಣೆಯ ಬಾಗಿಲು ಮಾತ್ರ ತೆರೆದಿತ್ತು, ಒಳಗೆ ಮಕ್ಕಳ ಗಲಾಟೆ. ಈಗಿನ ಆಯಾಳ ಸಂಬಳವನ್ನು ಹೆಂಗಸರೇ ಸೇರಿ ಕೊಡುತ್ತಾರೆ. ಸೆಲ್ವಿ ಚಪ್ಪಲಿ ಮೆಟ್ಟುತ್ತಿದ್ದಳು. ನ್ಯೂಟೌನ್ ಕಡೆಯ ಒಂದು ಬೀದಿಯವರು ತಮಗೂ ಸಹಾಯ ಮಾಡಿ ಎಂದು ಕರೆದಿದ್ದಾರಂತೆ.

"ಏನ್ ತಗೊಂಡ್ ಹೋಗ್ತಿದೀಯ ಮಾರಾಯ್ತಿ?" ಎಂದೆ.

"ಏನೂ ಇಲ್ಲ ಅಕ್ಕ. ಮೊದ್ಲು ಹೋಗಿ ಕೂತ್ಕೊಂಡು ಬರ್ತೀನಿ. ಅವ್ರ ಮಕ್ಕಳು ಈಗ ಎಲ್ಲಿರ್ತಾವೆ ಅಂತ ನೋಡ್ಬೇಕು."

ಚೀಲವನ್ನು ಗೋಡೆಗೆ ಒರಗಿಸಿ, ಬರಿಗೈಯಲ್ಲಿ ಅವಳ ಹಿಂದೆ ನಡೆದೆ.