ಟಿಕ್ಕೆನ್ನುವ ಎದೆ, ದೊಡ್ಡಮ್ಮನ ನುಗ್ಗೆಪುಡಿ

ದೊಡ್ಡಪ್ಪನ ಎದೆಯಲ್ಲಿ ಗಡಿಯಾರ ಇದೆ ಎಂದು ನಾನು ಮೊದಮೊದಲು ತಮಾಷೆ ಮಾಡುತ್ತಿದ್ದೆ. ಹೃದಯದ ಕೆಟ್ಟ ಕವಾಟ ತೆಗೆದು ಲೋಹದ್ದು ಕೂರಿಸಿದ ಮೇಲೆ, ಮನೆಯಲ್ಲಿ ಯಾರೂ ಮಾತಾಡದೆ ಇದ್ದಾಗ ಅವರ ಅಂಗಿಯೊಳಗಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಿಸುತ್ತದೆ. ತಮಾಷೆಗೆ ದೊಡ್ಡಪ್ಪ ನಕ್ಕರು, ದೊಡ್ಡಮ್ಮ ನಗಲಿಲ್ಲ. ಅವಳು ಆ ಸದ್ದಿಗೆ ಕಿವಿ ಕೊಟ್ಟುಕೊಂಡೇ ಬದುಕುವವಳು. ಬಟ್ಟೆ ಒಗೆಯುತ್ತಿದ್ದವಳು ನಲ್ಲಿ ನಿಲ್ಲಿಸುತ್ತಾಳೆ, ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಾಳೆ, ಕೇಳಿಸಿದರೆ ಮತ್ತೆ ನಲ್ಲಿ ತಿರುಗಿಸುತ್ತಾಳೆ. ಕೇಳಿಸದಿದ್ದರೆ ಸೋಪಿನ ಕೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡುತ್ತಾಳೆ. ದೊಡ್ಡಪ್ಪ ಪೇಪರಿನಿಂದ ತಲೆಯೆತ್ತದೆ, "ಇನ್ನೂ ಇದ್ದೀನಿ ಕಣೇ" ಅನ್ನುತ್ತಾರೆ.

ನಾನು ತೂಕದ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದೇನೆ. ತರಕಾರಿಯವರ, ಚಿನ್ನದವರ, ಗುಜರಿಯವರ ತಕ್ಕಡಿಗಳೆಲ್ಲ ನಿಜ ಹೇಳುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಮಾತಿಗೆ ಅಂಥ ರಿಪೇರಿಯವನು ಇನ್ನೂ ಸಿಕ್ಕಿಲ್ಲ. ಬಾಡಿಗೆ ಕೋಣೆ ಸಿಗುವವರೆಗೆ ಮಾತ್ರ ಎಂದು ದೊಡ್ಡಮ್ಮನ ಮನೆಗೆ ಬಂದವನು, ಅವಳ ಅಡುಗೆ ಉಂಡ ಮೇಲೆ ಕೋಣೆ ಹುಡುಕುವುದನ್ನೇ ಮರೆತೆ.

ಆ ಅಡುಗೆಯ ಹಿಂದೆ ದೊಡ್ಡಮ್ಮನ ಅರ್ಧ ಆಯುಷ್ಯವಿದೆ. ಮದುವೆಯಾದಾಗಿನಿಂದ ಮಂಡಿ ಹಿಡಿದುಕೊಳ್ಳುವ ತನಕ ಅವಳು ದುಡಿದದ್ದು ಒಂದು ಶಿಶುವಿಹಾರದ ಅಡುಗೆಮನೆಯಲ್ಲಿ. ಕೂಲಿಗೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಬಡಕಲು ಮಕ್ಕಳು. ಕಣ್ಣಿನ ಒಳರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ ಬೆಳ್ಳಗೆ. ಕೆಲವಕ್ಕೆ ಹೊತ್ತಿಳಿಯುತ್ತಲೇ ಬಾಗಿಲು ಕಾಣದೆ ಚೌಕಟ್ಟಿಗೆ ಹಣೆ ಬಡಿಯುತ್ತಿತ್ತು. ತಪಾಸಣೆಗೆ ಬರುತ್ತಿದ್ದ ನರ್ಸಮ್ಮ ಒಂದು ದಿನ ಹಿತ್ತಲಿನ ನುಗ್ಗೆಮರ ತೋರಿಸಿ, ಔಷಧಿ ಬರಲಿ ಎಂದು ಕಾಯುತ್ತ ಕೂರಬೇಡ, ಈ ಸೊಪ್ಪಲ್ಲಿ ರಕ್ತಕ್ಕೆ ಬೇಕಾದ ಕಬ್ಬಿಣದಂಶವಿದೆ, ಮೂಳೆಗೆ ಸುಣ್ಣದಂಶವಿದೆ, ಕಣ್ಣಿಗೆ ಎ ಜೀವಸತ್ವವಿದೆ, ಮೈ ಬೆಳೆಯಲು ಪ್ರೋಟೀನೂ ಇದೆ, ದಿನಾ ಸ್ವಲ್ಪ ಸ್ವಲ್ಪ ಕೊಡು ಎಂದರಂತೆ.

ದೊಡ್ಡಮ್ಮ ಕೊಟ್ಟಳು, ಮಕ್ಕಳು ಉಗಿದವು. ಹಸಿರು ಕಂಡರೆ ತಟ್ಟೆಯನ್ನೇ ದೂಡುತ್ತಿದ್ದವು. ಆಗ ಅವಳು ಬಚ್ಚಿಡುವುದನ್ನು ಕಲಿತಳು. ಸೊಪ್ಪನ್ನು ಒಣಗಿಸಿ ನುಣ್ಣಗೆ ಪುಡಿ ಮಾಡಿ ಬೇಳೆಯೊಳಗೆ, ಹಿಟ್ಟಿನೊಳಗೆ, ಹಿಸುಕಿದ ಆಲೂಗಡ್ಡೆಯೊಳಗೆ ಸೇರಿಸಿದಳು. ಬರಬರುತ್ತ ಮಕ್ಕಳ ಕೆನ್ನೆಗೆ ಬಣ್ಣ ಬಂತು, ಚೌಕಟ್ಟಿಗೆ ಹಾಯುವುದೂ ನಿಂತಿತು. ಅಂದಿನಿಂದ ಅವಳಿಗೆ ಎರಡು ನಂಬಿಕೆಗಳು ಗಟ್ಟಿಯಾದವು: ನುಗ್ಗೆ ಸೊಪ್ಪು ಒಳ್ಳೆಯದು, ಮತ್ತು ಒಳ್ಳೆಯದನ್ನು ಹೇಳದೆ ತಿನ್ನಿಸಬೇಕು.

ಪುಡಿ ಮಾಡುವುದರಲ್ಲಿ ಅವಳದು ಒಂದು ಕಟ್ಟುನಿಟ್ಟು. ಬಿಸಿಲಿಗೆ ಹಾಕುವ ಹಾಗಿಲ್ಲ. ಬಣ್ಣದ ಜೊತೆಗೆ ಸತ್ವವೂ ಹಾರಿಹೋಗುತ್ತದೆ. ತೊಳೆದು, ಕಡ್ಡಿ ಬಿಡಿಸಿ, ಮಹಡಿಯ ಕೋಣೆಯ ಮಂಚದ ಮೇಲೆ ಬಟ್ಟೆ ಹಾಸಿ, ನೆರಳಲ್ಲಿ ತೆಳ್ಳಗೆ ಹರಡಬೇಕು. ಆಗಾಗ ಕೈಯಾಡಿಸಬೇಕು. ಮುಟ್ಟಿದರೆ ಗರಗರ ಅನ್ನುವಂತಾದ ಮೇಲೆ ಅಂಗೈಯಲ್ಲಿ ತಿಕ್ಕಿ ಹಳೆಯ ಮಲ್ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಆ ಮಂಚ ನನ್ನದು. ಕಾಲರಿನಲ್ಲಿ ಎಲೆ ಸಿಕ್ಕಿಸಿಕೊಂಡು ನಾನು ಅಂಗಡಿಗೆ ಹೋಗಿ, ಎಲ್ಲಿ ಮೇಯ್ದು ಬಂದೆ ಎಂದು ಯಜಮಾನರಿಂದ ಕೇಳಿಸಿಕೊಂಡದ್ದುಂಟು. ಪುಡಿ ಯಾರಿಗೆ ಎಂದರೆ ದೊಡ್ಡಮ್ಮ ಎದುರುಮನೆಯ ಬಾಣಂತಿಗೆ, ಪಕ್ಕದ ಮನೆಯ ಹೊಲಿಗೆಯವಳ ಮಗಳಿಗೆ ಎನ್ನುತ್ತಿದ್ದಳು. ನಾವಿಬ್ಬರು ಗಂಡಸರಂತೂ ಸೊಪ್ಪು ಮೇಯುವುದಕ್ಕೆ ನಾವೇನು ಮೇಕೆಗಳೇ ಎಂದು ಮೊದಲೇ ಸಾರಿ ಆಗಿತ್ತು.

ನನ್ನ ಕಥೆ ಕೇಳಿ. ಅಂಗಡಿಯ ಬೀದಿಯಲ್ಲಿ ರಕ್ತದಾನ ನಡೆದಾಗ, ನಿನ್ನಲ್ಲೇ ರಕ್ತ ಕಮ್ಮಿ, ಮನೆಗೆ ಹೋಗಪ್ಪ ಎಂದು ನನ್ನನ್ನು ಸಾಲಿನಿಂದ ಆಚೆ ಕಳಿಸಿದ್ದರು. ಅವಮಾನವಾಗಿ, ನೀರು ತುಂಬಿದ ಎರಡು ಬಾಟಲಿ ಹಿಡಿದು ದಿನಾ ಬೆಳಿಗ್ಗೆ ಎತ್ತಿ ಇಳಿಸತೊಡಗಿದೆ. ಮುಂದಿನ ಸಲ ರಕ್ತ ತೆಗೆದುಕೊಂಡರು. ಬಾಟಲಿಯ ಮಹಿಮೆಯನ್ನು ನಾನು ಅಂಗಡಿಯಲ್ಲೆಲ್ಲ ಉಪನ್ಯಾಸ ಮಾಡಿದ್ದೇ ಮಾಡಿದ್ದು. ದೊಡ್ಡಮ್ಮ ಕೇಳಿ, "ಹೌದೇನೋ, ಬಾಟ್ಲಿನಾ" ಅಂದು ರೊಟ್ಟಿಯ ಹಿಟ್ಟು ನಾದುತ್ತಲೇ ಇದ್ದಳು.

ಆ ಹೊತ್ತಿಗೆ ಮನೆಯಲ್ಲಿ ಭಯವೊಂದು ಕಾಲಿಟ್ಟಿತ್ತು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದರೆ ಕವಾಟ ಸಿಕ್ಕಿಕೊಳ್ಳಬಹುದು, ಚೂರೊಂದು ಮಿದುಳಿಗೆ ಹೋಗಬಹುದು. ಅದಕ್ಕೆಂದೇ ದೊಡ್ಡಪ್ಪ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಾರೆ. ಗುಳಿಗೆ ಸಾಕೇ ಹೆಚ್ಚೇ ಎಂದು ತಿಂಗಳಿಗೊಮ್ಮೆ ರಕ್ತ ನೋಡುತ್ತಾರೆ. ಒಂದು ಅಂಕಿ ಬರುತ್ತದೆ. ಅದು ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ. ನಡುವಿನ ಸಣ್ಣ ಓಣಿಯಲ್ಲೇ ನಡೆಯಬೇಕು.

ಅಂಕಿ ಇಳಿಯತೊಡಗಿತು. ಡಾಕ್ಟರಮ್ಮ ಗುಳಿಗೆ ಮರೆಯುತ್ತೀರಾ ಎಂದು ಕೇಳಿದರು. ಆಯುಷ್ಯವಿಡೀ ಡಿಪೋದಲ್ಲಿ ಬಸ್ಸು ಬಿಚ್ಚಿ ನಟ್ಟು ಬೋಲ್ಟು ಎಣಿಸಿ ಇಟ್ಟವರು ದೊಡ್ಡಪ್ಪ, ಮರೆಯುವ ಪೈಕಿಯಲ್ಲ. ಊಟದಲ್ಲಿ ಏನಾದರೂ ಹೊಸದೇ ಎಂದು ಡಾಕ್ಟರಮ್ಮ ಕೇಳಿದರು. ಪಕ್ಕದಲ್ಲಿದ್ದ ದೊಡ್ಡಮ್ಮ ಇಲ್ಲ ಎಂದಳು. ಅವಳ ಲೆಕ್ಕದಲ್ಲಿ ಅದು ಸುಳ್ಳಲ್ಲ. ನುಗ್ಗೆ ಅವಳಿಗೆ ಉಪ್ಪಿನಷ್ಟೇ ಹಳೆಯದು. ಗುಳಿಗೆ ಹೆಚ್ಚಿಸಿ ಕಳಿಸಿದರು. ಅಂಕಿ ಕೊಂಚ ಏರಿ ಮತ್ತೆ ಜಾರಿತು. ಮತ್ತೆ ಹೆಚ್ಚಿಸಿದರು.

ಮನೆಗೆ ಬಂದ ದೊಡ್ಡಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಗಂಡ ಕೆಮ್ಮಿದರೆ ಬೆಚ್ಚುವಳು, ಮಾತು ತಡವರಿಸಿದರೆ ಮಿದುಳಿಗೇ ಹೋಯಿತೇನೋ ಎಂದು ಕೈ ಎತ್ತಿಸಿ ನೋಡುವಳು. ದೊಡ್ಡಪ್ಪ ಎರಡೂ ಕೈ ಎತ್ತಿ, ಹಿಡ್ಕೊಂಡು ಹೋಗ್ರಪ್ಪ, ತಪ್ಪೊಪ್ಕೊಂಡೆ ಅನ್ನುವರು. ಆ ಹೆದರಿಕೆಯಲ್ಲಿ ಅವಳು ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದಳು. ಮೈಯಲ್ಲಿ ಕಸುವು ಕಮ್ಮಿಯಾಗಿದೆ ಎಂದುಕೊಂಡು ಪುಡಿಯ ಹಿಡಿಯನ್ನು ಇನ್ನಷ್ಟು ದೊಡ್ಡದು ಮಾಡಿದಳು. ಇದು ನನಗೆ ತಿಳಿದದ್ದು ಆಮೇಲೆ.

ಅಷ್ಟರಲ್ಲಿ ಊರಲ್ಲಿ ನನ್ನಮ್ಮನ ಕಾಲು ಮುರಿಯಿತು. ತನ್ನ ತಂಗಿಯನ್ನು ನೋಡಿಕೊಳ್ಳಲು ದೊಡ್ಡಮ್ಮ ಹೊರಟಳು. ಹೋಗುವ ಮುಂಚೆ ನನಗೆ ಗುಳಿಗೆಯ ಡಬ್ಬಿ ಒಪ್ಪಿಸಿ, ಮೂರು ಸಲ ಹೇಳಿಸಿ, ಬಾಗಿಲ ತನಕ ಹೋಗಿ ತಿರುಗಿ ಬಂದು ಅಡುಗೆಮನೆಯ ಕಪಾಟಿನ ಮುಂದೆ ನಿಂತಳು. ಏನೋ ಹೇಳಬೇಕೆಂದಿದ್ದವಳು, "ಬೇಳೆ ಚೆನ್ನಾಗಿ ಬೇಯ್ಸು" ಅಂದು ಹೊರಟುಹೋದಳು.

ನಾನು ಬೇಯಿಸಿದೆ. ನನ್ನ ಅಡುಗೆಯನ್ನು ಅಡುಗೆ ಎಂದರೆ ಅಡುಗೆಯವರು ಕೋರ್ಟಿಗೆ ಹೋಗಬಹುದು. ಬೇಳೆ, ಬ್ರೆಡ್ಡು, ಮೊಟ್ಟೆ. ಮಾರನೆಯ ದಿನ ಮೊಟ್ಟೆ, ಬ್ರೆಡ್ಡು, ಬೇಳೆ. ದೊಡ್ಡಪ್ಪ ದೂರು ಹೇಳದೆ ತಿಂದರು. ಗುಳಿಗೆ ಮಾತ್ರ ನಾನು ಒಂದು ಹೊತ್ತೂ ತಪ್ಪಿಸಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವರು ಹಲ್ಲುಜ್ಜಿ ಉಗಿದ ನೊರೆ ಕೆಂಪಗಿತ್ತು. ಬ್ರಷ್ ಒರಟು ಎಂದುಕೊಂಡು ಮೆತ್ತನೆಯದು ತಂದುಕೊಟ್ಟೆ. ಮೊಣಕೈ ಹತ್ತಿರ ನೇರಳೆ ಬಣ್ಣದ ಕಲೆ ಕಂಡಿತು. ಎಲ್ಲಿ ತಾಗಿಸಿಕೊಂಡಿರಿ ಎಂದರೆ ಎಲ್ಲೂ ಇಲ್ಲ ಎಂದರು. ಸಂಜೆಗೆ ಕಲೆ ಅಂಗೈಯಷ್ಟಾಗಿತ್ತು. ಆಗಲೂ ಯೋಚನೆ ಮಾಡುವುದನ್ನು ನಾನು ಬೆಳಿಗ್ಗೆಗೆ ಮುಂದೂಡಿದೆ.

ಬೆಳಿಗ್ಗೆ ತಿಂಡಿಗೆ ಕೂತಾಗ ಅವರ ಮೂಗಿನಿಂದ ಒಂದು ಹನಿ ತಟ್ಟೆಗೆ ಬಿತ್ತು. ಆಮೇಲೆ ಇನ್ನೊಂದು. ಮೂಗು ಹಿಡಿದು ಕೂತರು. ಬೆರಳ ಸಂದಿಯಿಂದ ಇಳಿಯಿತು. ಟವೆಲ್ ಕೊಟ್ಟೆ, ಅದು ಒದ್ದೆಯಾಯಿತು, ಇನ್ನೊಂದು ಕೊಟ್ಟೆ. ನಿಲ್ಲಲಿಲ್ಲ. ಮಾತಾಡಿದರೆ ಗಂಟಲಿಗೆ ಇಳಿಯುತ್ತಿದ್ದುದರಿಂದ ಅವರು ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ಆ ಮೌನದಲ್ಲಿ ಎದೆಯ ಸದ್ದು ಎಂದಿಗಿಂತ ಜೋರಾಗಿ, ಬೇಗಬೇಗ ಕೇಳುತ್ತಿತ್ತು. ಪ್ರತಿ ಟಿಕ್ಕಿಗೂ ಅಷ್ಟು ರಕ್ತ ಹೊರಗೆ ಬೀಳುತ್ತಿದೆ ಎಂದು ನನಗೆ ಅನ್ನಿಸಿತು. ನಾನು ಮೂರನೆಯ ಟವೆಲ್ ಹುಡುಕುತ್ತ ಅಲ್ಲೇ ಸುತ್ತುತ್ತಿದ್ದೆ. ದೊಡ್ಡಪ್ಪನೇ ಎಡಗೈ ಎತ್ತಿ ಬಾಗಿಲು ತೋರಿಸಿದರು. ಹೊಲಿಗೆಯವಳ ಗಂಡನ ಟ್ಯಾಕ್ಸಿಯಲ್ಲಿ ಆಸ್ಪತ್ರೆ ಮುಟ್ಟಿದೆವು.

ಮೂಗಿಗೆ ಬಟ್ಟೆ ತುರುಕಿ, ಸೂಜಿ ಚುಚ್ಚಿ ಮಲಗಿಸಿದರು. ಅಂಕಿ ಇರಬೇಕಾದ್ದಕ್ಕಿಂತ ಎಷ್ಟೋ ಮೇಲಿತ್ತು. ಅದೇ ಡಾಕ್ಟರಮ್ಮ ಬಂದು, ಗುಳಿಗೆ ಎರಡೆರಡು ಸಲ ಕೊಟ್ಟಿರಾ ಎಂದರು. ಇಲ್ಲ ಎಂದೆ. ಹಾಗಾದರೆ ಮನೆಯಲ್ಲಿ ಏನು ಬದಲಾಗಿದೆ ಎಂದರು. ಅಡುಗೆಯವರು ಬದಲಾಗಿದ್ದಾರೆ ಅಷ್ಟೆ, ಎಂದೆ. ಅದನ್ನು ತಮಾಷೆಗೆಂದು ಹೇಳಿರಲಿಲ್ಲ. ಅವರೂ ನಗಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ದೊಡ್ಡಮ್ಮ ಬಂದಳು. ವಾರ್ಡಿನೊಳಗೆ ಹೋಗದೆ ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಡಾಕ್ಟರಮ್ಮನ ಪ್ರಶ್ನೆಗೆ ಬಂದಾಗ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ನೀನು ಪುಡಿ ಹಾಕಿರ್ಲಿಲ್ಲ ಅಲ್ವೇನೋ?"

"ಯಾವ ಪುಡಿ?"

"ನುಗ್ಗೆಪುಡಿ. ನಿಂಗೆ ರಕ್ತ ಕಮ್ಮಿ ಅಂದಾಗಿಂದ ದಿನಾ ಹಾಕ್ತಿದ್ದೆ. ನಿಮ್ಮಿಬ್ರಿಗೂ. ಗೊತ್ತಾಗ್ದಂಗೆ."

ಬಾಟಲಿಗಳ ಮೇಲಿನ ನನ್ನ ಉಪನ್ಯಾಸ ನೆನಪಾಯಿತು. ನಗು ಬರಲಿಲ್ಲ. ಒಳಗೆ ಹೋಗಿ ಹೇಳಿಬಿಡು ಎಂದೆ. ಅವಳು ಆಗದೆಂದು ತಲೆಯಾಡಿಸಿದಳು.

"ಹೇಳಿದ್ರೆ ಇನ್ನು ನನ್ನ ಕೈಯಿಂದ ಏನಾದ್ರೂ ಬಾಯಿಗಿಡ್ತಾರೇನೋ ಅವ್ರು? ನಾನೇ ಕೊಂದಂಗಾಯ್ತಲ್ಲೋ."

"ಹೇಳ್ದೆ ಇದ್ರೆ ಮತ್ತೆ ತಪ್ಪು ಲೆಕ್ಕಕ್ಕೇ ಗುಳಿಗೆ ಕೊಡ್ತಾರೆ ದೊಡ್ಡಮ್ಮಾ."

ಅವಳು ವಾರ್ಡಿನ ಬಾಗಿಲ ಕಡೆ ಕತ್ತು ಓರೆ ಮಾಡಿದಳು. ಅಲ್ಲಿಂದ ಟಿಕ್ ಸದ್ದು ಕೇಳಿಸುವ ಹಾಗಿರಲಿಲ್ಲ. ಸ್ಟ್ರೆಚರ್ ಚಕ್ರ, ಕೆಮ್ಮು, ಯಾರದೋ ಫೋನು. ಕೊನೆಗೆ ಸೆರಗಿನಲ್ಲಿ ಮುಖ ಒರೆಸಿ ಎದ್ದಳು.

ಶಿಶುವಿಹಾರದಿಂದ ಹಿಡಿದು ಎಲ್ಲ ಕೇಳಿದ ಡಾಕ್ಟರಮ್ಮ ಬೈಯುತ್ತಾರೆಂದುಕೊಂಡಿದ್ದೆ. ಅವರು ಸ್ಟೂಲು ಎಳೆದುಕೊಂಡು ಅವಳ ಎದುರು ಕೂತರು. ನುಗ್ಗೆ ಸೊಪ್ಪು ವಿಷವಲ್ಲ, ಆ ಮಕ್ಕಳಿಗೆ ನೀವು ಮಾಡಿದ್ದು ಸರಿಯೇ, ಎಂದರು. ಆದರೆ ಅದರಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಕೆ ಜೀವಸತ್ವವೂ ಹೇರಳವಾಗಿದೆ. ಉಳಿದವರಿಗೆ ಅದೂ ಒಳ್ಳೆಯದೇ. ಈ ಗುಳಿಗೆ ತಿನ್ನುವವರಿಗೆ ಮಾತ್ರ ಲೆಕ್ಕ ಬೇರೆ. ನೀವು ಒಂದು ತುದಿ ಹಿಡಿದು ಎಳೆದಿರಿ, ನಾವು ಇನ್ನೊಂದು ತುದಿ ಹಿಡಿದು ಎಳೆದೆವು. ನೀವು ಹೆಚ್ಚು ಹಾಕಿದಷ್ಟೂ ನಾವು ಗುಳಿಗೆ ಹೆಚ್ಚಿಸಿದೆವು. ನೀವು ಊರಿಗೆ ಹೋದ ಕೂಡಲೇ ನಿಮ್ಮ ತುದಿ ಬಿಟ್ಟುಹೋಯಿತು, ಇವರು ನಮ್ಮ ಕಡೆಗೆ ಉರುಳಿಬಿದ್ದರು. ಹಗ್ಗಜಗ್ಗಾಟ ಗೊತ್ತಲ್ಲ, ಎಂದರು.

ದೊಡ್ಡಮ್ಮ ಮಂಚದ ಕಡೆ ತಿರುಗಿದಳು. ಗಂಡನ ಮುಖ ನೋಡಲಾಗದೆ ಹೊದಿಕೆಯ ಅಂಚನ್ನು ನೋಡುತ್ತ ನಿಂತಳು. ಮೂಗಿಗೆ ಬಟ್ಟೆ ತುರುಕಿದ್ದರಿಂದ ದೊಡ್ಡಪ್ಪನ ದನಿ ಡಬ್ಬಿಯೊಳಗಿಂದ ಬಂದಂತಿತ್ತು.

"ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಹಲ್ಲಿನ ಸಂದೀಲಿ ಹಸಿರು ಕಾಣಲ್ವೇನೇ? ಬಸ್ಸಿನ ಅಡಿ ಮಲಗಿ ಕೂದಲಿನಷ್ಟು ಬಿರುಕು ಹುಡುಕ್ತಿದ್ದವನು ನಾನು."

"ಮತ್ತೆ ಡಾಕ್ಟ್ರಿಗ್ಯಾಕೆ ಹೇಳ್ಲಿಲ್ಲ?"

"ನೀನು ಪಕ್ಕದಲ್ಲೇ ಕೂತು ಇಲ್ಲ ಅಂದ್ಬಿಟ್ಟೆ. ಆಮೇಲೆ ಇದೆ ಅನ್ನೋಕೆ ಧೈರ್ಯ ಬೇಕಲ್ಲ."

ಡಾಕ್ಟರಮ್ಮ ಇಬ್ಬರನ್ನೂ ನೋಡಿ, ಇನ್ನು ಮೇಲೆ ನಿಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ವಿಚಾರಿಸುತ್ತೇನೆ ಎಂದರು. ದೊಡ್ಡಮ್ಮ ಆಗ ಅತ್ತಳು.

ಪುಡಿ ನಿಂತಿತು. ಗುಳಿಗೆಯನ್ನು ಹೊಸದಾಗಿ ಹೊಂದಿಸಿ, ಅಂಕಿ ಓಣಿಯೊಳಗೆ ಬಂದು ನಿಲ್ಲುವ ತನಕ ಮತ್ತೆ ಮತ್ತೆ ಸೂಜಿ ಚುಚ್ಚಿದರು. ದೊಡ್ಡಮ್ಮ ಅಡುಗೆಮನೆಯಲ್ಲಿ ಪರರ ಮನೆಗೆ ಬಂದವಳಂತೆ ಓಡಾಡಿದಳು. ಕೊತ್ತಂಬರಿಯ ಒಂದು ಎಲೆ ಹಾಕಬೇಕಾದರೂ ನನ್ನನ್ನು ಕೇಳುವಳು. ನನ್ನನ್ನು! ಕೊನೆಗೆ ದೊಡ್ಡಪ್ಪನೇ ಡಾಕ್ಟರಮ್ಮನ ಮುಂದೆ, ಇವಳು ಹೀಗೆ ಹೆದರಿ ಅಡುಗೆ ಮಾಡಿದರೆ ನಾನು ಉಪವಾಸ ಸಾಯುತ್ತೇನೆ, ಆ ಸೊಪ್ಪನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎಂದರು. ಅವರು ಯೋಚಿಸಿ, ಸ್ವಲ್ಪವೇ ಸ್ವಲ್ಪ, ದಿನಾ ಒಂದೇ ಅಳತೆ, ಒಂದು ದಿನ ಹೆಚ್ಚಿಲ್ಲ ಒಂದು ದಿನ ಕಮ್ಮಿಯಿಲ್ಲ, ಅದಕ್ಕೆ ತಕ್ಕಂತೆ ಗುಳಿಗೆ ಹೊಂದಿಸುತ್ತೇನೆ, ನನ್ನನ್ನು ಕೇಳದೆ ಏನನ್ನೂ ಬದಲಿಸಬಾರದು ಎಂದು ಒಪ್ಪಿದರು.

ಹಿಡಿಯಲ್ಲೇ ಬದುಕು ಅಳೆದವಳಿಗೆ ನಾನು ಅಂಗಡಿಯಿಂದ ಚಿನ್ನದವರ ಸಣ್ಣ ತಕ್ಕಡಿಯೊಂದನ್ನು ತಂದುಕೊಟ್ಟೆ. ಈಗ ಬೆಳಿಗ್ಗೆ ಅದೇ ನಮ್ಮ ಮನೆಯ ಮುಖ್ಯ ಕೆಲಸ. ದೊಡ್ಡಮ್ಮ ಚಮಚದ ಮೇಲಿನ ಪುಡಿಯನ್ನು ಬೆರಳಿನಿಂದ ಮಟ್ಟ ಮಾಡಿ, ಉಸಿರು ಬಿಗಿಹಿಡಿದು ತಟ್ಟೆಗೆ ಸುರಿಯುತ್ತಾಳೆ. ತಕ್ಕಡಿಯ ಅಂಕಿ ಕುಣಿಯುತ್ತದೆ. ಗಾಳಿಗೆ ಕುಣಿಯುತ್ತದೆ ಎಂದು ನಾನು ಹೇಳಿಕೊಟ್ಟಿದ್ದೇನೆ. ಅದಕ್ಕೆ ಫ್ಯಾನ್ ಆರಿಸುತ್ತಾಳೆ. ಆಮೇಲೂ ನಂಬಿಕೆಯಿಲ್ಲ.

"ಸರಿಯಾಗಿದ್ಯೇನೋ, ನೋಡು ಬಾ."

ಸರಿಯಾಗಿದೆ ಎನ್ನುತ್ತೇನೆ. ಇನ್ನೊಮ್ಮೆ ನೋಡು ಎನ್ನುತ್ತಾಳೆ. ಸೆಖೆಯಲ್ಲಿ ಮೂವರೂ ಅಲ್ಲಾಡದೆ ತಕ್ಕಡಿಯ ಸುತ್ತ ನಿಂತಿರುತ್ತೇವೆ. ಫ್ಯಾನಿನ ಸದ್ದು ಪೂರ್ತಿ ಅಡಗಿದ ಮೇಲೆ ದೊಡ್ಡಪ್ಪನ ಅಂಗಿಯೊಳಗಿನ ಟಿಕ್ ಟಿಕ್ ಕೇಳಿಸತೊಡಗುತ್ತದೆ. ಅಂಕಿ ನಿಂತ ಮೇಲೂ ದೊಡ್ಡಮ್ಮ ಪುಡಿಯನ್ನು ಎತ್ತಿಕೊಳ್ಳುವುದಿಲ್ಲ. ಕತ್ತು ಓರೆ ಮಾಡಿ ಇನ್ನೂ ಸ್ವಲ್ಪ ಕೇಳಿಸಿಕೊಳ್ಳುತ್ತಾಳೆ. ಈಚೀಚೆಗೆ ನಾನೂ ಕೇಳಿಸಿಕೊಳ್ಳುತ್ತೇನೆ.